ಗೂಡುಸಾಬನ ಪುಕ್ಕಟೆ ಪ್ಯಾದೆ

೫ ಜನವರಿ, ರವಿವಾರ, ಸಂಜೆ

ಐದರ ಬಸ್ಸಿಗೆ ರಾಣೇಬೆನ್ನೂರಿನಿಂದ ಬ್ಯಾಡಗಿಗೆ ವಾಪಸ್. ಚೆಸ್ಸಿನಾಗ ಮತ್ತ ಸೋತೆ. ಸಾಲಾಗಿ ಮೂರನೇ ರವಿವಾರ. ಟೇಲರ್ ಗೂಡುಸಾಬನದು ಅದೇ ಒಂದು ಆಟ. ಬಿಳಿ ಯಾವಾಗಲೂ ಅವನಿಗೆ, ಅಂಗಡಿ ಅವನದಂತ. ರಾಜನ ಕಡೆ ಕುದುರೆ ಮುಂದಿನ ಪ್ಯಾದೆಯನ್ನ ಮೊದಲ ನಡೆಗೇ ಎರಡು ಮನಿ ತಳ್ಳತಾನ. ಅದು ಬಿಟ್ಟ ಜಾಗಾದಾಗ ಒಂಟೆ ಕೂಡಸ್ತಾನ. ಪ್ಯಾದೆಗೆ ಕಾವಲಿಲ್ಲ, ಪುಕ್ಕಟೆ. ನನ್ನ ಒಂಟೆ ಹೋಗಿ ತಿಂತೈತಿ. ಆಮ್ಯಾಲೆ ಅವನ ಒಂಟೆ ಓರೆ ಹಿಡಿದು ಬಂದು ನನ್ನ ಮೂಲೆಯ ಆನೆ ನುಂಗತೈತಿ.

"ಯಾವ ಪುಸ್ತಕದಾಗ ಐತೋ ಇದು?" ಅಂದೆ.

"ಪುಸ್ತಕದವ್ರು ನನ್ನ ಹತ್ರ ಅಂಗಿ ಹೊಲಿಸಾಕ ಬರೂದಿಲ್ಲ, ಶೇಖಪ್ಪಣ್ಣ."

೭ ಜನವರಿ

ಚೆಸ್ ಕ್ಲಬ್ಬಿನ ರುದ್ರಮುನಿ ಫೋನ್. ಹಾವೇರಿ ಸೀನಿಯರ್ ಟೂರ್ನಮೆಂಟಿಗೆ ನಮ್ಮಿಂದ ಒಂದ ಸೀಟು. ೧೯ಕ್ಕ ನಾನೂ ಗೂಡುಸಾಬನೂ ಆಡಬೇಕು. ಗೆದ್ದವ ಹೋಗೂದು. "ಇಲ್ಲಾಂದ್ರ ಮ್ಯಾನೇಜರ್ ಆಗಿ ಬರ್ರಿ ಕಾಕಾ, ನೀರಿನ ಬಾಟ್ಲಿ ನೋಡ್ಕೊಂಡು ಕುಂದ್ರಿ."

ನೀರಿನ ಬಾಟ್ಲಿ! ಕಾಲೇಜಿನ ಇಂಗ್ಲಿಷ್ ಬಾಯಿಗೆ ಬಂತು — ಐ ಶಲ್ ನಾಟ್... ಮುಂದಿನ ಶಬ್ದ ನೆನಪಾಗಲಿಲ್ಲ. ಅಷ್ಟ ಹೇಳಿ ಕಟ್ ಮಾಡಿದೆ.

ಹೆಂಡತಿ ದೇವವ್ವ ಇದ್ದಾಗ ಪ್ರತಿ ರವಿವಾರ ಗೆದ್ದೆ ಅಂತ ಸುಳ್ಳು ಹೇಳತಿದ್ದೆ. ನಂಬಿ ರವೆ ಶಿರಾ ಮಾಡತಿದ್ದಳು. ಆಕಿ ಹೋಗಿ ಎರಡು ವರ್ಷ. ಸುಳ್ಳು ಕೇಳಾವ್ರಿಲ್ಲ. ಇನ್ನ ಖರೇನ ಗೆಲ್ಲಬೇಕು.

೧೨ ಜನವರಿ

ಮತ್ತ ಪ್ಯಾದೆ ತಿಂದೆ. ಮತ್ತ ಆನೆ ಹೋತು. ಚಹಾ ತಂದ ಗೂಡುಸಾಬನ ಹೆಂಡತಿ ಹುಸೇನಬಿ ನಕ್ಕಳು. "ಅಣ್ಣಾರ, ಬ್ಯಾಡಗಿ ಮಾರ್ಕೆಟ್ಟಿನಾಗ ನಲವತ್ತು ವರ್ಷ ಮೆಣಸಿನಕಾಯಿ ನೋಡಿದವ್ರು ನೀವು. ಚೀಲದಾಗ ಮೊಣಕೈ ತನಕ ಕೈ ಹಾಕದ ರೇಟ್ ಹೇಳತಿದ್ದಿಲ್ಲಂತ. ಇಲ್ಲಿ ಮ್ಯಾಲಿನ ಕೆಂಪು ನೋಡಿ ತಗೋತೀರಲ್ರಿ!"

"ನೀ ಸುಮ್ಮನಿರ," ಅಂದ ಗೂಡುಸಾಬ. ಭಾಳ ಲಗೂ ಅಂದ.

ಬಸ್ಸಿನಾಗ ಪೂರ್ತಿ ಅದ ವಿಚಾರ. ನನ್ನ ಒಂಟೆ ತಿನ್ನಾಕ ಹೋದಕೂಡಲೇ ಆನೆ ಕಡೆ ಕಾವಲು ಇರೂದಿಲ್ಲ. ಚೀಲದ ತಳದಾಗ ಇದ್ದದ್ದು ಇದು!

೧೯ ಜನವರಿ

ಟಾಸಿನಾಗೂ ಬಿಳಿ ಅವನಿಗೇ. ಬರಲಿ. ಪ್ಯಾದೆ ಮುಂದ ಕುಂತು ಕರೀತು... ತಿನ್ನಲಿಲ್ಲ. ಎರಡು ಪ್ಯಾದೆ ಒಂದಕ್ಕೊಂದು ಆಧಾರ ಕೊಟ್ಟು ಅವನ ಒಂಟೆಯ ದಾರಿಗೆ ಅಡ್ಡ ನಿಲ್ಲಿಸಿದೆ. ಇನ್ನೊಂದು ನಡುವಿಗೆ. ಅವನ ಒಂಟೆ ಗ್ವಾಡಿ ನೋಡ್ಕೋತ ಕುಂತಿತು. ರಾಜನ ಮುಂದಿನ ಬೇಲಿ ತಾನ ಕಿತ್ತಿದ್ದ — ಅಲ್ಲೇ ನುಗ್ಗಿದೆ. ಮೂವತ್ತೊಂದನೇ ನಡೆಗೆ ಸೋಲೊಪ್ಪಿ ತನ್ನ ರಾಜನ್ನ ಮಲಗಿಸಿದ.

"ತಿನ್ನಬೇಕಿತ್ತು, ಶೇಖಪ್ಪಣ್ಣ."

"ನಿನ್ನ ಹೆಂಡ್ತೀನ ಕೇಳು," ಅಂದೆ.

ಮನಿಗೆ ಬಂದು ಶಿರಾ ನಾನ ಮಾಡಿದೆ. ತಳ ಹತ್ತಿತು. ತಿಂದೆ.

೨ ಫೆಬ್ರುವರಿ, ಹಾವೇರಿ, ೧೦.೨೦

ಮೊದಲ ಆಟ. ನನಗ ಬಿಳಿ. ಎದುರಿಗೆ ರಿಟೈರ್ಡ್ ಇಂಜಿನಿಯರ್, ಕೋಟು, ಟೈ. ಕುದುರೆ ಮುಂದಿನ ಪ್ಯಾದೆ ಎರಡು ಮನಿ ತಳ್ಳಿದೆ. ಹಿಂದ ಒಂಟೆ ಕೂಡಿಸಿದೆ. ನಕ್ಕ. "ಹಿರಿಯರ, ಪ್ಯಾದೆ ಮರತ್ರೇನು?"

ಡೈರಿ ತೆಗೆದೆ. ಆಟದಾಗ ಡೈರಿ ಬರೀಬಾರದಂತ. ರೆಫ್ರಿ ಈ ಕಡೆನ ಬರಾಕತ್ತಾನ. ಮುಚ್ಚು ಅಂತಾನ. ಐ ಶಲ್ ನಾಟ್. ಇಂಜಿನಿಯರ್ ಕೈ ಎದ್ದೈತಿ. ಒಂಟೆ ಹಿಡದಾನ. ಪ್ಯಾದೆ ಕಡೆ—