ಮೇಜು ಕಸಿದು ಮೈಕು ಕೊಟ್ಟವರಿಗೆ

ಸಂಶೋಧನಾಲಯದ ಮಾನ್ಯ ಮುಖ್ಯಸ್ಥರೇ,

ನನ್ನ ಮಗಳಿಗೆ ನೀವು ದಯಪಾಲಿಸಿರುವ ಬಡ್ತಿಯನ್ನು ವಾಪಸು ತೆಗೆದುಕೊಳ್ಳಿ! ಹೌದು, ಸರಿಯಾಗಿಯೇ ಓದಿದಿರಿ. ಮಗಳಿಗೆ ಬಡ್ತಿ ಬಂತೆಂದು ಊರೆಲ್ಲ ಹೇಳಿಕೊಂಡು ತಿರುಗಬೇಕಾದ ಅಪ್ಪನೊಬ್ಬ, ಅದು ಬೇಡವೆಂದು ಹತ್ತು ಜನ ಓದುವ ಪತ್ರಿಕೆಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದಾನೆಂದರೆ, ಒಂದೋ ಅವನ ತಲೆ ಕೆಟ್ಟಿರಬೇಕು, ಇಲ್ಲವೇ ಆ ಬಡ್ತಿಯಲ್ಲಿ ಏನೋ ಮಸಲತ್ತು ಇರಬೇಕು. ನನ್ನ ತಲೆ ನೆಟ್ಟಗಿದೆಯೆಂದು ಸಾಕ್ಷಿ ಹೇಳಲು ನನ್ನ ಹೆಂಡತಿ ಸಿದ್ಧಳಿದ್ದಾಳೆ. ಅವಳು ನನ್ನ ಪರವಾಗಿ ಸಾಕ್ಷಿ ಹೇಳುವುದು ಇದೇ ಮೊದಲು. ಆದ್ದರಿಂದ ಅದನ್ನು ಗಂಭೀರವಾಗಿ ಪರಿಗಣಿಸತಕ್ಕದ್ದು.

ನಾನು ನಾಟಕ ಕಂಪನಿಯಲ್ಲಿ ಹುಟ್ಟಿ, ಪರದೆಯ ಹಿಂದೆ ನಿದ್ದೆ ಮಾಡಿ, ಮೀಸೆ ಬಂದಾಗಿನಿಂದ ಖಳನ ಪಾತ್ರವನ್ನೇ ಮಾಡಿಕೊಂಡು ಬಂದವನು. ರಾಜನಿಗೆ ವಿಷವಿಕ್ಕುವ ಮಂತ್ರಿ ನಾನೇ, ಅಣ್ಣನ ಆಸ್ತಿ ಹೊಡೆಯುವ ತಮ್ಮನೂ ನಾನೇ. ಕತ್ತಿ ಝಳಪಿಸುತ್ತ ಬಂದಾಗ ನನಗೆ ಯಾರೂ ಹೆದರುತ್ತಿರಲಿಲ್ಲ. ‘ಆಹಾ, ನಿನ್ನಂಥವರು ಈ ಭೂಮಂಡಲದಲ್ಲಿ ಇನ್ನಾರಿದ್ದಾರೆ!’ ಎಂದು ನಾಯಕನ ಹೆಗಲ ಮೇಲೆ ಕೈ ಹಾಕುತ್ತಿದ್ದೆನಲ್ಲ, ಆಗ ಕೊನೆಯ ಸಾಲಿನ ಅಜ್ಜಿಯರೂ ಎದ್ದು ನಿಂತು, ‘ಅಯ್ಯೋ, ನಂಬಬೇಡ ಮಗಾ!’ ಎಂದು ಅರಚುತ್ತಿದ್ದರು. ನಿಮ್ಮ ಬಡ್ತಿಯ ಆದೇಶವನ್ನು ಓದಿ ಮುಗಿಸುವಷ್ಟರಲ್ಲಿ ಆ ಅಜ್ಜಿಯರೆಲ್ಲ ನನ್ನೊಳಗೆ ಒಟ್ಟಿಗೆ ಎದ್ದು ನಿಂತರು.

ಮಗಳ ವಿಷಯಕ್ಕೆ ಬರುತ್ತೇನೆ. ಬಾಯಿ ತೆರೆದರೆ ‘ಯಾಕೆ?’ ಎನ್ನುತ್ತಿದ್ದುದರಿಂದ ಮನೆಯಲ್ಲಿ ಅವಳಿಗೆ ಯಾಕಮ್ಮ ಎಂದೇ ಹೆಸರು. ನಿಮ್ಮಲ್ಲಿ ಅವಳು ಬೂಷ್ಟು ಬೆಳೆಸುತ್ತಾಳೆ. ಸಂಗ್ರಹಿಸಿಟ್ಟ ಕಾಳಿನಲ್ಲಿ ಹಸಿರು ಬೂಷ್ಟೊಂದು ಸೇರಿ ವಿಷ ಮಾಡುತ್ತದಂತೆ. ಅದನ್ನು ತಡೆಯಬಲ್ಲ ಬಿಳಿ ಬೂಷ್ಟೊಂದನ್ನು ಅವಳು ಹುಡುಕಿದ್ದಾಳೆ. ಮುಚ್ಚಳವಿರುವ ಚಪ್ಪಟೆ ಗಾಜಿನ ತಟ್ಟೆಯ ಒಂದು ಅಂಚಿನಲ್ಲಿ ಹಸಿರು, ಎದುರಿನ ಅಂಚಿನಲ್ಲಿ ಬಿಳಿ. ಎರಡೂ ಬೆಳೆಯುತ್ತ ನಡುವಿಗೆ ಬರುತ್ತವೆ. ಯಾರು ನಿಲ್ಲುತ್ತಾರೆ, ಯಾರು ಹಿಂಜರಿಯುತ್ತಾರೆ? ನಮ್ಮ ಕಂಪನಿಯ ಯಾವ ಕಾಳಗದಲ್ಲೂ ಇಂಥ ರೋಮಾಂಚನ ಇರಲಿಲ್ಲ, ಸ್ವಾಮಿ! ಒಮ್ಮೆ ಬಿಳಿಯ ಮುಂದೆ ಹಸಿರು ಹಿಂಜರಿದಿತ್ತು. ಆದರೆ ಒಮ್ಮೆ ಆದದ್ದು ವಿಜ್ಞಾನವಲ್ಲ, ಮತ್ತೆ ಮತ್ತೆ ಆಗಬೇಕು ಎನ್ನುತ್ತಾಳೆ. ಮತ್ತೊಮ್ಮೆ ಆಗುತ್ತಿತ್ತು. ಅಷ್ಟರಲ್ಲಿ ನೀವು ಹೆಣ್ಣುಮಕ್ಕಳನ್ನು ವಿಜ್ಞಾನಕ್ಕೆ ಹುರಿದುಂಬಿಸುವ ಸಮಾರಂಭ ಏರ್ಪಡಿಸಿದಿರಿ.

ಸಭಾಂಗಣದ ತುಂಬ ಶಾಲೆಯ ಹುಡುಗಿಯರು. ಮನೆಯವರಿಗೂ ಆಹ್ವಾನವಿತ್ತು. ಪ್ರದರ್ಶನಕ್ಕೆಂದು ಮಗಳು ಹಳೆಯ, ಕೆಲಸ ಮುಗಿದ ತಟ್ಟೆಯೊಂದನ್ನು ಕೊಟ್ಟಿದ್ದಳು. ನಿಮ್ಮ ಸಮಾರಂಭದ ಉಸ್ತುವಾರಿಯವರಿಗೆ ಅದರ ಬಣ್ಣ ಸಪ್ಪೆ ಎನ್ನಿಸಿತು. ಪ್ರಯೋಗಾಲಯಕ್ಕೆ ಹೋಗಿ, ಬೂಷ್ಟು ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯಲ್ಲಿದ್ದ ‘ಚೆನ್ನಾಗಿ ಕಾಣುವ’ ತಟ್ಟೆಯನ್ನೇ ಎತ್ತಿಕೊಂಡು ಬಂದರು. ಚೆನ್ನಾಗಿಯೇ ಕಾಣುತ್ತಿತ್ತು, ಯಾಕೆಂದರೆ ಅದು ಜೀವಂತವಾಗಿತ್ತು.

ಫೋಟೋ ತೆಗೆಯುವವನು ಕೂಗಿದ: “ಮುಚ್ಚಳ ಮಿಂಚ್ತಾ ಇದೆ ಮೇಡಂ, ಸ್ವಲ್ಪ ತೆಗೀರಿ.”

“ತೆಗಿಯೋಕಾಗಲ್ಲ. ಅಲ್ಲ, ಇದು ಇಲ್ಲಿಗೆ ಹೇಗೆ ಬಂತು?” ಎಂದಳು ವೇದಿಕೆಯ ಮೇಲಿದ್ದ ಮಗಳು.

“ಒಂದೇ ನಿಮಿಷ ಕಣಮ್ಮ. ಸ್ವಲ್ಪ ನಗು. ಮಕ್ಕಳು ನೋಡ್ತಿದ್ದಾರೆ” ಎಂದಿರಿ ನೀವು. ನಿಮ್ಮ ಅಮೃತಹಸ್ತದಿಂದಲೇ ಮುಚ್ಚಳ ತೆಗೆದಿರಿ. ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು. ಮುಖ್ಯ ಅತಿಥಿಗಳು ಬಗ್ಗಿ ಮೂಸಿ, ‘ಅಬ್ಬಾ!’ ಎಂದು ಅದರ ಮೇಲೇ ಉಫ್ ಎಂದು ಉಸಿರು ಬಿಟ್ಟರು. ಆಗ ಮುಂದಿನ ಸಾಲಿನ ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು.

“ಅಕ್ಕಾ, ಮುಚ್ಚಳ ತೆಗೆದ್ರೆ ಅದು ಕೆಡಲ್ವಾ?”

“ಕೆಟ್ಟೋಯ್ತು ಪುಟ್ಟಾ” ಎಂದಳು ನನ್ನ ಮಗಳು, ಮೈಕಿನಲ್ಲೇ.

ತಮಾಷೆಯೆಂದುಕೊಂಡು ಸಭೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ತಾವು. ಬೂಷ್ಟು ಗಾಳಿಯಲ್ಲಿ ಹಾರಾಡುತ್ತದೆ, ತೆರೆದ ತಟ್ಟೆಯಲ್ಲಿ ಯಾವುದು ಬಂದು ಕೂತಿತೋ ಯಾರೂ ಹೇಳಲಾರರು ಎಂಬ ಸಂಗತಿ ಸಂಶೋಧನಾಲಯದ ಮುಖ್ಯಸ್ಥರಿಗೆ ಗೊತ್ತಿರಲಿಲ್ಲವೇ? ಅಥವಾ ಗೊತ್ತಿದ್ದೂ, ಫೋಟೋಗಿಂತ ಅದು ದೊಡ್ಡದೆನ್ನಿಸಲಿಲ್ಲವೇ? ಎರಡರಲ್ಲಿ ಯಾವುದು ಕಡಿಮೆ ಅವಮಾನಕರವೋ ಅದನ್ನೇ ಆರಿಸಿಕೊಳ್ಳಿ, ನನ್ನ ಅಭ್ಯಂತರವಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಲೇಖನಿ ಎತ್ತುತ್ತಿರಲಿಲ್ಲ. ಮಾರನೆಯ ದಿನ ಪಕ್ಕದ ಮೇಜಿನ ಗಡ್ಡದ ಸಹೋದ್ಯೋಗಿ ಅವಳ ಬಳಿ ಬಂದನಂತೆ. “ಮೇಡಂ, ನಿಮ್ಮ ಬೆಚ್ಚನೆ ಪೆಟ್ಟಿಗೆ ಇನ್ಮೇಲೆ ನಾನೇ ಇಟ್ಕೊಳ್ಲಾ? ನೀವು ಹೇಗೂ ಶಾಲೆ ಶಾಲೆ ಸುತ್ತುತ್ತೀರಲ್ಲ.” ಇವಳಿಗೆ ತಲೆಬುಡ ಅರ್ಥವಾಗಲಿಲ್ಲ. ಅದರ ಮರುದಿನ ಆದೇಶ ಬಂತು! ‘ಮಕ್ಕಳೊಂದಿಗೆ ಸಹಜವಾಗಿ ಬೆರೆಯುವ ತಮ್ಮ ಅಪೂರ್ವ ಪ್ರತಿಭೆಯನ್ನು ಮನಗಂಡು, ತಮ್ಮನ್ನು ಪ್ರೋತ್ಸಾಹ ವಿಭಾಗದ ಮುಖ್ಯಸ್ಥೆಯನ್ನಾಗಿ ನೇಮಿಸಲಾಗಿದೆ. ಸೋಮವಾರದಿಂದ ತಮ್ಮ ಮೇಜು ಮತ್ತು ಉಪಕರಣಗಳನ್ನು ಸಹೋದ್ಯೋಗಿಗೆ ವಹಿಸತಕ್ಕದ್ದು.’

ಮಹನೀಯರೇ, ಪಾತ್ರಧಾರಿ ತನ್ನ ಸರದಿಗೆ ಮುಂಚೆಯೇ ರಂಗಕ್ಕೆ ನುಗ್ಗಿದರೆ, ಪರದೆಯ ಹಿಂದೆ ಯಾರೋ ಅವನ ಬೆನ್ನು ತಟ್ಟಿ ಕಳಿಸಿದ್ದಾರೆಂದೇ ಅರ್ಥ. ಇವಳಿಗೇ ತಿಳಿಯದ ಬಡ್ತಿ ಗಡ್ಡದವನಿಗೆ ತಿಳಿದದ್ದು ಹೇಗೆ? ಮಕ್ಕಳೊಂದಿಗೆ ಬೆರೆಯುವ ಅಪೂರ್ವ ಪ್ರತಿಭೆ ನಿಮ್ಮ ಅಷ್ಟೊಂದು ಗಂಡಸರಲ್ಲಿ ಒಬ್ಬನಲ್ಲೂ ಕಾಣಲಿಲ್ಲವೇ? ಈ ವಿಭಾಗಕ್ಕೆ ಈ ಹಿಂದೆ ‘ಬಡ್ತಿ’ ಹೊಂದಿದವರೆಲ್ಲ ಹೆಂಗಸರೇ, ಅವರಲ್ಲಿ ಒಬ್ಬರೂ ಪ್ರಯೋಗಾಲಯಕ್ಕೆ ಮರಳಲಿಲ್ಲ ಎನ್ನುತ್ತಾರಲ್ಲ, ಅದೂ ಕಾಕತಾಳೀಯವೇ? ವೇದಿಕೆಯ ಮೇಲೆ ನೀವು ಅವಳನ್ನು ‘ಸ್ಫೂರ್ತಿಯ ಸೆಲೆ’ ಎಂದಿರಿ, ‘ನಾಳಿನ ಬೆಳಕು’ ಎಂದಿರಿ. ಅವಳು ಏನು ಕಂಡುಹಿಡಿಯುತ್ತಿದ್ದಾಳೆಂದು ಮಾತ್ರ ಅಪ್ಪಿತಪ್ಪಿಯೂ ಹೇಳಲಿಲ್ಲ. ಸಂಶಯ ಪಿಶಾಚಿ ಎನ್ನಿ ನನ್ನನ್ನು. ಪರವಾಗಿಲ್ಲ, ಅದಕ್ಕಿಂತ ಕೆಟ್ಟದಾಗಿ ನನ್ನನ್ನು ಬೈಯಲು ಟಿಕೆಟ್ಟು ಕೊಂಡು ಬಂದವರಿದ್ದರು.

ಆದೇಶ ಬಂದ ಸಂಜೆ ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

“ಸಂಬಳ ಜಾಸ್ತಿ ಅಲ್ವೇನೇ?” ಕೇಳಿದಳು ಅವಳಮ್ಮ.

“ಜಾಸ್ತಿ. ಕೆಲಸ ಮಾತ್ರ ಇಲ್ಲ.”

“ಶಾಲೆಗೆ ಹೋಗಿ ನಾಲ್ಕು ಒಳ್ಳೆ ಮಾತು ಹೇಳೋದು ಕೆಲಸ ಅಲ್ವಾ?”

“ವಿಜ್ಞಾನಿಗಳಾಗಿ ಅಂತ ಹೇಳ್ತೀನಮ್ಮ. ಯಾವಳಾದ್ರೂ ಎದ್ದು, ನೀವು ಈಗ ಏನು ಕಂಡುಹಿಡೀತಿದ್ದೀರಿ ಅಂತ ಕೇಳಿದ್ರೆ? ಆ ಬಿಳಿ ಬೂಷ್ಟಿನ ಮೂಲದ ತುಣುಕು ಇನ್ನೂ ತಣ್ಣಗಿನ ಪೆಟ್ಟಿಗೆಯಲ್ಲಿದೆ. ಮೇಜು ಬಿಟ್ಟುಕೊಟ್ಟರೆ ಅವನು ಕಸ ಅಂತ ಎಸೀತಾನೆ. ಅಲ್ಲಿಗೆ ಮುಗೀತು.”

ನಾನು ಎದೆಯುಬ್ಬಿಸಿ, “ಎಲವೋ ದುರಾತ್ಮಾ...” ಎಂದು ಶುರುಮಾಡಿದೆ.

“ನೀವು ಸುಮ್ನಿರಿ” ಎಂದಳು ಹೆಂಡತಿ. ಒಲೆಯ ಉರಿ ಸಣ್ಣ ಮಾಡಿ ಮಗಳ ಕಡೆ ತಿರುಗಿದಳು. “ಆ ಕಾಗದಕ್ಕೆ ನೀನು ಸಹಿ ಹಾಕಿದ್ದೀಯಾ?”

“ಇಲ್ಲ.”

“ಹಾಕ್ಬೇಡ.”

ನನ್ನ ಜೀವಮಾನದ ಸಂಭಾಷಣೆಗಳೆಲ್ಲ ಆ ಮೂರಕ್ಷರದ ಹೆಣ್ಣುದನಿಯ ಮುಂದೆ ಮಂಕಾದವು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಆ ಆದೇಶವನ್ನು ರದ್ದುಮಾಡಿ. ಮೇಜು, ಪೆಟ್ಟಿಗೆಗಳು, ಅವುಗಳೊಳಗಿನ ಬೂಷ್ಟು ಎಲ್ಲವೂ ಇದ್ದಂತೆಯೇ ಇರಲಿ. ಮಗಳು ಸೋಮವಾರ ಬೆಳಿಗ್ಗೆ ಸಹಿ ಹಾಕದ ಕಾಗದವನ್ನು ನಿಮ್ಮ ಕೈಗಿಟ್ಟು ನೇರ ತನ್ನ ಜಾಗಕ್ಕೆ ಹೋಗುತ್ತಾಳೆ. ಬೀಗ ಬದಲಾಯಿಸುವ ಯೋಚನೆ ಇದ್ದರೆ ಈಗಲೇ ಬಿಡಿ. ಅಂದು ನಾನು ನಿಮ್ಮ ಗೇಟಿನ ಹೊರಗೆ ನಿಂತಿರುತ್ತೇನೆ, ಮತ್ತು ನನ್ನ ಗಂಟಲಿಗೆ ಮೈಕು ಬೇಕಿಲ್ಲ.

ಹುಡುಗಿಯರನ್ನು ಹುರಿದುಂಬಿಸುವ ಆಸೆ ನಿಮಗೆ ನಿಜವಾಗಿಯೂ ಇದ್ದರೆ, ಅವರನ್ನು ಸಭಾಂಗಣಕ್ಕೆ ಕರೆಯಬೇಡಿ, ಅವಳ ಮೇಜಿನ ಬಳಿಗೆ ಕಳಿಸಿ. ಅವಳು ತಿರುಗಿ ನೋಡದಿರಬಹುದು, ನಗದಿರಬಹುದು, ಫೋಟೋ ಚೆನ್ನಾಗಿ ಬರದಿರಬಹುದು. ಪ್ರೇಕ್ಷಕರಿಗೆ ಬೆನ್ನು ತೋರಿಸಬಾರದೆಂದು ನಮಗೆಲ್ಲ ಕಲಿಸಿದ್ದರು. ನನ್ನ ಮಗಳು ತೋರಿಸಲಿ. ಸೂಕ್ಷ್ಮದರ್ಶಕದ ಮೇಲೆ ಬಗ್ಗಿರುವ, ಕರೆದರೂ ಓಗೊಡದ ಒಬ್ಬ ಹೆಣ್ಣಿನ ಬೆನ್ನನ್ನು ಆ ಮಕ್ಕಳು ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿಕೊಂಡು ಹೋಗಲಿ.

ಇಂತಿ,
ಯಾರಾದರೂ ಹೊಗಳಿದರೆ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುವ,
ಯಾಕಮ್ಮನ ಅಪ್ಪ