ಅಪ್ಪನ ಫ್ಯೂಸ್

ಮನೆಯಿಂದ, ಸೋಮವಾರ ಬೆಳಿಗ್ಗೆ

ಮಹಾಪಂಡಿತನಾದ ನನ್ನ ತಮ್ಮನಿಗೆ,

ನೀನು ಆರಾಮಾಗಿದ್ದೀಯ ಎಂದುಕೊಂಡಿದ್ದೇನೆ. ಇರದೆ ಏನು, ಹೊಗೆ ಕುಡಿದದ್ದು ಅಮ್ಮ ತಾನೆ. ನಿನ್ನ ಹೆಂಡತಿ, ಕೂಸು ಹೇಗಿದ್ದಾರೆ? ಅಮ್ಮನ ಕೆಮ್ಮು ಇಳಿದಿದೆ, ಎಡಗಾಲಿನ ಬೊಬ್ಬೆ ಇನ್ನೂ ಒಣಗಿಲ್ಲ. ನಾನು ಬೈದೆನೆಂದು ನೀನು ಫೋನ್ ಎತ್ತುವುದನ್ನೇ ಬಿಟ್ಟೆ, ಹೆಂಡತಿಗೂ ಎತ್ತಬೇಡ ಎಂದು ಹೇಳಿಟ್ಟಿದ್ದೀಯ. ಅದಕ್ಕೇ ಕಾಗದ. ಮಾತಿನ ನಡುವೆ ಇದನ್ನು ಕಟ್ ಮಾಡಲು ಬರುವುದಿಲ್ಲ, ಕೂತು ಓದು.

ಬೆಳಗಿನ ಡ್ಯೂಟಿಗೆ ಆಸ್ಪತ್ರೆಗೆ ಹೋಗುವಾಗ ಹೊಳೆದಂಡೆಯ ರಸ್ತೆಯಲ್ಲಿ ಮಂಜು ಕವಿದು ಏನೂ ಕಾಣುವುದಿಲ್ಲ ಎಂದಿದ್ದಕ್ಕೆ ನೀನು ನನ್ನ ಕಾರಿಗೆ ಫಾಗ್ ಲೈಟ್ ತಂದು ಕೂರಿಸಿದೆ. ಸೀಟ್ ಕವರ್ ಮಾರುವ ಅಂಗಡಿ ಇಟ್ಟವನಿಗೆ ವೈರಿಂಗ್ ಬರುತ್ತದೆಂದು ಯಾರು ಹೇಳಿದರೋ. ಅಷ್ಟೂ ಕರೆಂಟು ಸ್ವಿಚ್ಚಿನ ಮೇಲೆ ಬೀಳದ ಹಾಗೆ ರಿಲೇ ಹಾಕಬೇಕಂತಲ್ಲೋ ಎಂದು ಕೇಳಿದರೆ, "ನೀನು ಇಂಜೆಕ್ಷನ್ ಚುಚ್ಚಕ್ಕಾ, ವೈರ್ ನಂಗೆ ಬಿಡು" ಅಂದೆ. ನಾಲ್ಕು ದಿನ ಓಡಿಸುವಷ್ಟರಲ್ಲಿ ಫ್ಯೂಸ್ ಹಾರಿತು. ಇನ್ನೊಂದು ಹಾಕಿದೆ, ಅದೂ ಹಾರಿತು. ಆಗ ಕೂಸಿಗೆ ತಂದಿದ್ದ ಚಾಕೊಲೇಟಿನ ಬೆಳ್ಳಿ ಕಾಗದ ಬಿಚ್ಚಿ, ಮಡಚಿ ಫ್ಯೂಸಿಗೆ ಸುತ್ತಿ, "ಅಪ್ಪನ ಫ್ಯೂಸ್ ಹಾಕಿದೀನಿ, ಇನ್ನು ಜನ್ಮದಲ್ಲಿ ಹಾರಲ್ಲ" ಎಂದು ಹಲ್ಲು ಕಿರಿದೆ. ನಾವು ಚಿಕ್ಕವರಿದ್ದಾಗ ಕರೆಂಟು ಹೋದರೆ ಅಪ್ಪ ಸ್ಟೂಲು ಹತ್ತಿ ಹೀಗೇ ಬೆಳ್ಳಿ ಕಾಗದ ಸುತ್ತುತ್ತಿದ್ದರು, ದೀಪ ಬಂದರೆ ನಾವು ಚಪ್ಪಾಳೆ ತಟ್ಟುತ್ತಿದ್ದೆವು. ನಿನಗೆ ಚಪ್ಪಾಳೆ ನೆನಪಿದೆ. ಅಡುಗೆಮನೆಯ ಗೋಡೆ ಸುಟ್ಟು ಕರ್ರಗಾದದ್ದು, ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದು ಮಾತ್ರ ನೆನಪಿಲ್ಲ.

ಹೋದ ವಾರ ಅಮ್ಮನನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೊರಟಿದ್ದೆ. ಮಂಜಿತ್ತು, ನಿನ್ನ ಲೈಟು ಹಾಕಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಮ್ಮ, "ಯಾರ ಮನೇಲೋ ಹಾಲು ಸೀದಿದೆ ಕಣೇ" ಅಂದರು. ಸೀದದ್ದು ಅವರ ಕಾಲಬುಡದಲ್ಲಿ. ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹೊಗೆ ನುಗ್ಗಿತು, ಕರಗಿದ ಪ್ಲಾಸ್ಟಿಕ್ಕು ಪಾದದ ಮೇಲೆ ತೊಟ್ಟಿಕ್ಕಿತು, ಗಾಬರಿಯಲ್ಲಿ ಅವರ ಸೀಟ್‌ಬೆಲ್ಟ್ ಬಿಚ್ಚಲು ನನ್ನಿಂದ ತಕ್ಷಣ ಆಗಲಿಲ್ಲ. ಎಷ್ಟೋ ರೋಗಿಗಳನ್ನು ಎತ್ತಿದ ಕೈಯಲ್ಲಿ ಹೇಗೋ ಬೆಲ್ಟ್ ಕಿತ್ತು, ಅಮ್ಮನನ್ನು ರಸ್ತೆಗೆ ಎಳೆದುಕೊಂಡೆ. ಆ ಗಳಿಗೆಗೆ ನಿನ್ನನ್ನು ಎಂದೂ ಕ್ಷಮಿಸುವುದಿಲ್ಲ.

ಗ್ಯಾರೇಜಿನವನು ಬಿಚ್ಚಿ ತೋರಿಸಿದ. ಇಂಜಿನ್ ಕಡೆಯಿಂದ ಒಳಗೆ ವೈರ್ ತರಲು ತಗಡಿಗೆ ತೂತು ಕೊರೆದಿದ್ದೀಯ, ಆ ತೂತಿಗೆ ಒಂದು ರಬ್ಬರ್ ಉಂಗುರ ಹಾಕಿಲ್ಲ. ಗಾಡಿ ಕುಲುಕಿದಾಗಲೆಲ್ಲ ತಗಡಿನ ಅಂಚು ವೈರಿನ ಸಿಪ್ಪೆ ಕೆರೆದು, ಒಳಗಿನ ತಾಮ್ರ ಕಾರಿನ ತಗಡಿಗೆ ತಾಗುತ್ತಿತ್ತು. ಫ್ಯೂಸ್ ಹಾರುತ್ತಿದ್ದದ್ದು ಅದಕ್ಕೆ. "ಹಾರೋದೇ ಅದರ ಕೆಲಸ ಅಲ್ವೇನಮ್ಮಾ" ಅಂದ ಅವನು. ಕಳ್ಳ ಬಂದನೆಂದು ನಾಯಿ ಬೊಗಳಿದರೆ ನೀನು ನಾಯಿಯ ಬಾಯಿಗೆ ಬಟ್ಟೆ ತುರುಕಿದೆ. ಈಗ ಬ್ಯಾಟರಿಯಿಂದ ಬೇರೆ ದಪ್ಪ ವೈರ್ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಟ್ಟು, ರಿಲೇ ಹಾಕಿದ್ದಾರೆ. ಅರ್ತ್ ವೈರ್ ಕೂರುವ ಕಡೆ ಬಣ್ಣ ಕೆರೆದು ಬಿಗಿದಿದ್ದಾರೆ. ಹೊರಗಿನಿಂದ ನೋಡಿದರೆ ಲೈಟು ಮೊದಲಿನಂತೆಯೇ ಇದೆ. ನಿನಗೆ ಬೇಕಾದ್ದೂ ಹೊರಗಿನದಷ್ಟೇ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾರೆ, "ಅವನೇನು ಬೇಕಂತ ಮಾಡಿದ್ನಾ" ಎನ್ನುತ್ತಾರೆ. ನನ್ನ ಬಳಿ ಸದ್ಯಕ್ಕೆ ಆಶೀರ್ವಾದದ ದಾಸ್ತಾನಿಲ್ಲ.

ಇತಿ,
ನೀನು ಫೋನ್ ಎತ್ತದ ಅಕ್ಕ

ತಾ.ಕ.: ನಿನ್ನ ಕಾರಿಗೂ ಅದೇ ಸುರುಳಿಯ ವೈರು ಎಳೆದಿದ್ದೀಯ, ಅಲ್ಲೂ ಅಪ್ಪನ ಫ್ಯೂಸೇ ಎಂದು ನೀನೇ ಜಂಬ ಕೊಚ್ಚಿಕೊಂಡಿದ್ದೆ. ಈ ಕಾಗದ ತರುವ ಚಿಕ್ಕಪ್ಪನಿಗೆ ಮೊದಲು ಕಾರಿನ ಕೀಲಿ ಇಸಿದುಕೊಂಡು, ಆಮೇಲೆ ಕಾಗದ ಕೊಡಿ ಎಂದಿದ್ದೇನೆ. ಅವರ ಚೀಲದಲ್ಲಿ ವೈರು, ರಿಲೇ, ಫ್ಯೂಸು, ರಬ್ಬರ್ ಉಂಗುರ ಎಲ್ಲ ಇದೆ. ಮಾಡಲು ಬರುವವರ ಕೈಲಿ ಮಾಡಿಸು, ನೀನು ಮುಟ್ಟಬೇಡ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ನಿನ್ನ ಹೆಂಡತಿ ಕೂರುವುದು ಅಮ್ಮ ಕೂತಿದ್ದ ಸೀಟಿನಲ್ಲೇ ಕಣೋ.