ಕರೆಯೋಲೆಯ ಬಳುಕುವ ಅಕ್ಷರ

ಮೇ 9, ಭಾನುವಾರ

ತಂಗಿಯ ಮದುವೆ ಚೆನ್ನಾಗಿಯೇ ಆಯಿತು. ಆದರೂ ಸೋದರತ್ತೆಯ ಬಾಡಿದ ಮುಖ ಕಣ್ಣ ಮುಂದಿಂದ ಹೋಗುತ್ತಿಲ್ಲ.

ಕರೆಯೋಲೆ ಮಾಡಿದವನು ನಾನೇ. ಅಕ್ಷರಗಳು ಬಳ್ಳಿಯಂತೆ ಬಳುಕಿ ಒಂದಕ್ಕೊಂದು ಕೈಹಿಡಿದು ನಡೆಯುವ ಫಾಂಟೊಂದಕ್ಕೆ ಮನಸೋತಿದ್ದೆ. "ಹೆಸರಿಗೆ ಮಾತ್ರ ಅದನ್ನ ಹಾಕಣ್ಣ, ವಿಳಾಸ ಸಾದಾ ಅಕ್ಷರದಲ್ಲೇ ಇರಲಿ" ಎಂದು ತಂಗಿ ಹೇಳಿದ್ದಳು. ಅಂದ ಕೆಡುತ್ತದೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಫಾಂಟಿನಲ್ಲಿ ಒಂದರ ಅಂಕಿಗೂ ಏಳರ ಅಂಕಿಗೂ ಒಂದೇ ಬಾಗು, ಒಂದೇ ಬಾಲ.

ಏಳನೇ ಬೀದಿಗೆ ಬರಬೇಕಿದ್ದ ಅತ್ತೆ ಒಂದನೇ ಬೀದಿಯಲ್ಲಿ ಮದುವೆ ಮನೆ ಹುಡುಕುತ್ತಾ ಬಿಸಿಲಲ್ಲಿ ಅಲೆದಿದ್ದಾರೆ. ಫೋನು ಮಾಡಿದ್ದು ಗದ್ದಲದಲ್ಲಿ ಯಾರಿಗೂ ಕೇಳಿಸಿಲ್ಲ. ಬಂದು ಮುಟ್ಟುವಷ್ಟರಲ್ಲಿ ತಂಗಿ ಗಂಡನ ಮನೆಗೆ ಹೊರಟುಹೋಗಿದ್ದಳು. ಚಿಕ್ಕಂದಿನಲ್ಲಿ ಅವಳಿಗೆ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದವರು ಈ ಅತ್ತೆ.

"ನನ್ನ ಕಣ್ಣೇ ಸರಿಯಿಲ್ಲ ಬಿಡಪ್ಪ" ಎಂದರು. ಕನ್ನಡಕ ಒರೆಸಿಕೊಂಡು ಕರೆಯೋಲೆಯನ್ನು ಮತ್ತೆ ನೋಡಿದರು. "ಅಕ್ಷರ ಮಾತ್ರ ಎಷ್ಟು ಚೆಂದ. ಯಾರು ಮಾಡಿದ್ದು?"

"ಪ್ರೆಸ್ಸಿನವರು, ಅತ್ತೆ" ಎಂದುಬಿಟ್ಟೆ.

ನಾಳೆ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಾರಂತೆ. ಅವರು ಮನೆ ಬಿಡುವ ಮೊದಲೇ ನಾನು ಫೋನು ಮಾಡಿ, ತಪ್ಪು ಅವರ ಕಣ್ಣಿನದಲ್ಲ, ನಾನು ಹಾಕಿದ ಅಕ್ಷರದ್ದು ಎಂದು ಹೇಳಿಬಿಡಬೇಕು.